ಅಜ್ಜಿಗೆ ಎದುರಾಡುವ ಮಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಓದಿನಲ್ಲಿ ಚುರುಕಾಗಿದ್ದಾನೆ, ಹೊರಗಿನವರ ಎದುರು ತುಂಬ ವಿನಯದಿಂದ ನಡೆದುಕೊಳ್ಳುತ್ತಾನೆ. ಆದರೆ ಮನೆಯಲ್ಲಿ ಅಜ್ಜಿಯೊಂದಿಗೆ, ಅಂದರೆ ನನ್ನ ಅತ್ತೆಯವರೊಂದಿಗೆ, ಅವನು ಮಾತನಾಡುವ ಧಾಟಿ ದಿನದಿಂದ ದಿನಕ್ಕೆ ಕೆಡುತ್ತಿದೆ. ಕಳೆದ ವಾರ ನೆಂಟರು ಬಂದಿದ್ದಾಗ ಅಜ್ಜಿ ಏನೋ ಹೇಳಲು ಹೊರಟರು. ಇವನು ‘ಅಜ್ಜಿ, ನಿಂಗೆ ಏನೂ ಗೊತ್ತಾಗಲ್ಲ, ಸುಮ್ನೆ ಕೂತ್ಕೋ’ ಎಂದುಬಿಟ್ಟ. ನನ್ನ ಗಂಡ ಎಲ್ಲರೆದುರೇ ಅವನ ಕೆನ್ನೆಗೆ ಬಾರಿಸಿ, ಅಜ್ಜಿಯ ಕ್ಷಮೆ ಕೇಳುವಂತೆ ಮಾಡಿದರು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ‘ಸಾರಿ’ ಎಂದ. ಅತ್ತೆಯವರು ‘ಹೋಗ್ಲಿ ಬಿಡಪ್ಪ, ಮಗು ತಾನೇ’ ಎಂದರು. ಅಂದಿನಿಂದ ಅವನು ಅಜ್ಜಿಯ ಹತ್ತಿರ ಸುಳಿಯುತ್ತಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಂಡ ಕೇಳುತ್ತಾರೆ. ನಾವು ಎಲ್ಲಿ ತಪ್ಪಿದ್ದೇವೆ?

ಉತ್ತರ: ನಿಮ್ಮ ಮಗ ಆಡಿದ ಆ ಮಾತಿನಿಂದಲೇ ಶುರು ಮಾಡೋಣ. ಸಿಟ್ಟು ಬಂದಾಗ ಈ ವಯಸ್ಸಿನ ಮಕ್ಕಳು ‘ಹೋಗಜ್ಜಿ’ ಎನ್ನುತ್ತಾರೆ, ‘ನಿನ್ ಹತ್ರ ಮಾತಾಡಲ್ಲ’ ಎಂದು ಮುಖ ಊದಿಸಿಕೊಳ್ಳುತ್ತಾರೆ. ‘ನಿಂಗೆ ಏನೂ ಗೊತ್ತಾಗಲ್ಲ, ಸುಮ್ನೆ ಕೂತ್ಕೋ’ ಎನ್ನುವುದು ದೊಡ್ಡವರ ಬಾಯಲ್ಲಿ ಬರುವ ಮಾತು. ಹುಡುಗ ಅದನ್ನು ಎಲ್ಲೋ ಕೇಳಿ ಎತ್ತಿಕೊಂಡಿದ್ದಾನೆ. ಮನೆಯಲ್ಲಿ ಒಂದು ವಾರ ಯಾರಿಗೂ ಏನೂ ಹೇಳದೆ ಕಿವಿಗೊಟ್ಟು ಕೇಳಿಸಿಕೊಳ್ಳಿ. ಅಜ್ಜಿ ಮೊಬೈಲಿನ ಬಗ್ಗೆಯೋ ಬ್ಯಾಂಕಿನ ಬಗ್ಗೆಯೋ ಏನಾದರೂ ಕೇಳಿದಾಗ ಅವರ ಮಗ ಯಾವ ದನಿಯಲ್ಲಿ ಉತ್ತರಿಸುತ್ತಾರೆ, ಅವರು ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗ ನಿಮ್ಮ ಮುಖ ಹೇಗಾಗುತ್ತದೆ, ಅವರು ಎದ್ದು ಒಳಗೆ ಹೋದ ಮೇಲೆ ನೀವಿಬ್ಬರೂ ಏನು ಮಾತನಾಡಿಕೊಳ್ಳುತ್ತೀರಿ ಎಂಬುದನ್ನೆಲ್ಲ ಗಮನಿಸಿ. ಇದನ್ನು ನಿಮ್ಮ ಮೇಲೆ ಆರೋಪ ಹೊರಿಸಲು ಹೇಳುತ್ತಿಲ್ಲ. ನನ್ನ ಮಗಳು 6 ವರ್ಷದವಳಿದ್ದಾಗ ಆಟದ ಫೋನು ಹಿಡಿದು ಕತ್ತು ವಾಲಿಸಿ, ನಿಟ್ಟುಸಿರು ಬಿಟ್ಟು, ‘ಹೂಂ, ಹೇಳಮ್ಮ, ಬೇಗ ಹೇಳು’ ಎಂದು ಆಡುತ್ತಿದ್ದುದನ್ನು ಬಾಗಿಲ ಮರೆಯಿಂದ ನೋಡಿದೆ. ನಾನು ದಿನವೂ ನನ್ನ ತಾಯಿಯೊಂದಿಗೆ ಮಾತನಾಡುತ್ತಿದ್ದ ರೀತಿ ಅದೇ ಎಂದು ಆ ಕ್ಷಣದವರೆಗೆ ನನಗೆ ತಿಳಿದಿರಲಿಲ್ಲ. ಅಂದಿನ ಸಂಕಟ ಇನ್ನೂ ಮನಸ್ಸಿನಲ್ಲಿದೆ.

ಮಕ್ಕಳು ಹೀಗೆ ನೋಡಿ ಕಲಿಯುವುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ. ಸುಮಾರು 3ರಿಂದ 6 ವರ್ಷದೊಳಗಿನ 72 ಮಕ್ಕಳಲ್ಲಿ ಕೆಲವರ ಎದುರು, ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ವಯಸ್ಕರೊಬ್ಬರು ಹೊಡೆದು, ಬೈದು ತೋರಿಸಿದರು. ಆಮೇಲೆ ಆ ಗೊಂಬೆಯಿದ್ದ ಕೋಣೆಯಲ್ಲಿ ಆಡಲು ಬಿಟ್ಟಾಗ ಅದನ್ನು ನೋಡಿದ್ದ ಮಕ್ಕಳಲ್ಲಿ ಹಲವರು ಹೊಡೆಯುವ ವಿಧಾನವನ್ನಷ್ಟೇ ಅಲ್ಲದೆ, ಆಗ ಕೇಳಿದ್ದ ಮಾತುಗಳನ್ನೂ ಹಾಗೆಯೇ ಅನುಕರಿಸಿದರು. ಹಾಗೆ ಮಾಡಿರೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಏಕವಚನದ ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅದರ ದೂರು ಬಹಳ. ಅಜ್ಜಿಯನ್ನು ‘ನೀನು’ ಎನ್ನುವ ಮಗು ಅವಿಧೇಯ ಮಗುವೇನಲ್ಲ. ‘ಅಜ್ಜೀ, ನೀನೂ ಬಾ, ಇಲ್ಲಿ ಕೂತ್ಕೋ’ ಎಂದು ಪಕ್ಕದಲ್ಲಿ ಜಾಗ ಮಾಡಿಕೊಡುವ ಮಗುವಿನ ಏಕವಚನದಲ್ಲಿ ಸಲಿಗೆಯಿದೆ, ಪ್ರೀತಿಯಿದೆ. ‘ನಿಮಗೆ ಎಷ್ಟು ಸಲ ಹೇಳಬೇಕು’ ಎಂದು ಹುಬ್ಬು ಗಂಟಿಕ್ಕುವವನ ಬಹುವಚನದಲ್ಲಿ ಇವೆರಡೂ ಇಲ್ಲ. ನಿಮ್ಮ ಮನೆಯ ರೂಢಿ ಯಾವುದಿದೆಯೋ ಅದನ್ನೇ ಇಟ್ಟುಕೊಳ್ಳಿ. ತಿದ್ದಬೇಕಾದದ್ದು ಇನ್ನೊಬ್ಬರ ಬಾಯಿ ಮುಚ್ಚಿಸುವ ಆ ದನಿಯನ್ನು.

ಇನ್ನು ಏಟಿನ ಮಾತು. ನಿಮ್ಮ ಗಂಡನ ಸಿಟ್ಟು ನನಗೆ ಅರ್ಥವಾಗುತ್ತದೆ. ತಾಯಿಗೆ ನಾಲ್ಕು ಜನರ ಮುಂದೆ ಅವಮಾನವಾದಾಗ ಮಗನ ಕೈ ಮೇಲೇಳುವುದು ಆ ತಾಯಿಯ ಮೇಲಿನ ಪ್ರೀತಿಯಿಂದಲೇ. ಆದರೆ ಆ ಏಟು ಮಾಡಿದ್ದೇನೆಂದು ನೀವೇ ಬರೆದಿದ್ದೀರಿ: ಹುಡುಗ ಅಜ್ಜಿಯ ಹತ್ತಿರ ಸುಳಿಯುತ್ತಿಲ್ಲ. ಕೆನ್ನೆಯ ಉರಿಯೊಂದಿಗೆ ಅವನ ಮನಸ್ಸಿನಲ್ಲಿ ಉಳಿದದ್ದು ತನ್ನ ಮಾತಿನಿಂದ ಅಜ್ಜಿಗಾದ ನೋವಲ್ಲ, ಅಜ್ಜಿಯ ದೆಸೆಯಿಂದ ತನಗಾದ ಅವಮಾನ. ಮಕ್ಕಳನ್ನು ಹೊಡೆಯುವುದರ ಬಗ್ಗೆ ನಡೆದಿದ್ದ 75 ಅಧ್ಯಯನಗಳನ್ನು, ಅವುಗಳಲ್ಲಿದ್ದ ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, ಪೆಟ್ಟಿನಿಂದ ನಡತೆ ಸುಧಾರಿಸಿದ್ದು ಕಂಡುಬರಲಿಲ್ಲ. ಹೆಚ್ಚು ಪೆಟ್ಟು ತಿಂದ ಮಕ್ಕಳಲ್ಲಿ ಮೊಂಡುತನ, ಜಗಳಗಂಟಿತನ ಮತ್ತು ತಂದೆತಾಯಿಯರೊಂದಿಗಿನ ಬಿರುಕು ಹೆಚ್ಚಾಗಿ ಕಂಡವು. ಮಕ್ಕಳ ಮೇಲೆ ಕೈಮಾಡುವುದನ್ನು ಮನೆಯೊಳಗೂ ಕಾನೂನಿನಿಂದ ನಿಷೇಧಿಸಿದ ಮೊದಲ ದೇಶ ಸ್ವೀಡನ್. ಅದು 1979ರಲ್ಲಿ. ಈಗ 60ಕ್ಕೂ ಹೆಚ್ಚು ದೇಶಗಳು ಅದೇ ದಾರಿ ಹಿಡಿದಿವೆ. ಗಿಡದ ಗಾದೆಯನ್ನು ನಾನೂ ಒಪ್ಪುತ್ತೇನೆ. ಆದರೆ ಗಿಡವನ್ನು ನೆಟ್ಟಗೆ ಬೆಳೆಸುವವರು ಪಕ್ಕದಲ್ಲಿ ಕೋಲು ನೆಟ್ಟು, ಸಡಿಲವಾಗಿ ಕಟ್ಟಿ, ಅದು ಬೆಳೆದಂತೆ ಕಟ್ಟನ್ನು ಬದಲಿಸುತ್ತಾ ಹೋಗುತ್ತಾರೆ ಎಂಬುದನ್ನು ನಿಮ್ಮ ಗಂಡನಿಗೆ ನೆನಪಿಸಿ.

ಹಾಗಾದರೆ ಮುಂದಿನ ಸಲ ಏನು ಮಾಡಬೇಕು? ಆ ಮಾತು ಬಂದ ತಕ್ಷಣವೇ, ದನಿ ಏರಿಸದೆ, ‘ಈ ಮಾತನ್ನು ನಾವು ಈ ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ’ ಎಂದಷ್ಟೇ ಹೇಳಿ ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ. ನೆಂಟರೆದುರು ವಿಚಾರಣೆ ಬೇಡ. ಒಳಗೆ ಅವನ ಎತ್ತರಕ್ಕೆ ಸಮನಾಗಿ ಕುಳಿತು, ಅವನಿಗೆ ಯಾಕೆ ಸಿಟ್ಟು ಬಂತೆಂದು ಮೊದಲು ಕೇಳಿ. ಅಜ್ಜಿ ಅವನ ಮಾತಿಗೆ ಅಡ್ಡ ಬಂದಿರಬಹುದು, ಇಲ್ಲವೇ ನೆಂಟರ ಮುಂದೆ ಅವನ ಬಗ್ಗೆ ಅವನಿಗೆ ಹಿಡಿಸದ್ದನ್ನು ಹೇಳಲು ಹೊರಟಿರಬಹುದು. ಸಿಟ್ಟಿಗೆ ಕಾರಣವಿದ್ದರೆ ಅದನ್ನು ಒಪ್ಪಿಕೊಳ್ಳಿ. ಆಮೇಲೆ ಅದೇ ಸಿಟ್ಟನ್ನು ಹೇಳುವ ಬೇರೆ ಮಾತನ್ನು ಅವನ ಬಾಯಿಗೇ ಕೊಡಿ: ‘ಅಜ್ಜಿ, ನಾನು ಹೇಳಿ ಮುಗಿಸ್ತೀನಿ, ಆಮೇಲೆ ನೀನು ಹೇಳು.’ ಇದನ್ನು ಒಂದೆರಡು ಸಲ ಹೇಳಿಸಿ ಅಭ್ಯಾಸ ಮಾಡಿಸಿದರೂ ತಪ್ಪಿಲ್ಲ. ಬರಿದೇ ‘ಹಾಗೆ ಮಾತಾಡಬೇಡ’ ಎಂದರೆ ಹೇಗೆ ಮಾತಾಡಬೇಕು ಎಂಬುದು ಮಗುವಿಗೆ ತಿಳಿಯುವುದಿಲ್ಲ.

ಕ್ಷಮೆಯನ್ನು ಹಿಂಡಿ ತೆಗೆಯಬೇಡಿ. ಗೋಡೆಗೆ ಹೇಳಿದ ‘ಸಾರಿ’ಯಿಂದ ಅಜ್ಜಿಯ ನೋವೂ ಇಳಿಯಲಿಲ್ಲ, ಹುಡುಗನ ಮನಸ್ಸೂ ಕರಗಲಿಲ್ಲ. ಸಿಟ್ಟು ತಣಿದ ಮೇಲೆ, ಬೇಕಾದರೆ ಅದೇ ದಿನ ಸಂಜೆ, ‘ಅಜ್ಜಿ ಅರ್ಧಕ್ಕೇ ಮಾತು ನಿಲ್ಲಿಸಿದರಲ್ಲ, ಅವರು ಹೇಳಲಿದ್ದುದನ್ನು ಈಗ ಕೇಳಿಕೊಂಡು ಬಾ’ ಎಂದು ಕಳುಹಿಸಿ. ಕಸಿದುಕೊಂಡ ಮಾತನ್ನು ಹಿಂದಿರುಗಿಸುವುದೇ ಈ ತಪ್ಪಿಗೆ ತಕ್ಕ ಪರಿಹಾರ. ಅಲ್ಲಿ ಅವನು ‘ಸಾರಿ’ ಎನ್ನದಿದ್ದರೂ ಹತ್ತು ನಿಮಿಷ ಕುಳಿತು ಕೇಳಿಸಿಕೊಂಡರೆ ನನಗೆ ಅದು ಹೆಚ್ಚಿನದೆನಿಸುತ್ತದೆ. ಕಳೆದ ವಾರದ ಘಟನೆಗೂ ಇದನ್ನೇ ಮಾಡಬಹುದು, ಇನ್ನೂ ತಡವಾಗಿಲ್ಲ. ಜೊತೆಗೆ, ಕೈ ಎತ್ತಿದ್ದು ತಪ್ಪಾಯಿತೆಂದು ಅಪ್ಪ ಮಗನಿಗೆ ಒಂದು ಮಾತು ಹೇಳಲಿ. ತಪ್ಪು ಒಪ್ಪಿಕೊಳ್ಳುವುದು ಹೇಗೆಂದು ಆ ಹುಡುಗ ನೋಡುವುದು ಬಹುಶಃ ಅದೇ ಮೊದಲ ಸಲ.

ಕೊನೆಯದಾಗಿ ಅತ್ತೆಯವರ ‘ಹೋಗ್ಲಿ ಬಿಡಪ್ಪ’. ಈ ಮಾತಿನ ಹಿಂದಿರುವ ಮಮತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅವರು ಸಮಾಧಾನವಾಗಿರುವ ಹೊತ್ತಿನಲ್ಲಿ, ಗಂಡಹೆಂಡತಿ ಇಬ್ಬರೂ ಕುಳಿತು, ಅವರೇ ಮೊಮ್ಮಗನಿಗೆ ‘ನೀನು ಹಾಗೆ ಅಂದದ್ದು ನನಗೆ ನೋವಾಯ್ತು ಕಂದ’ ಎಂದು ನೇರವಾಗಿ ಹೇಳಬೇಕೆಂದು ಕೇಳಿಕೊಳ್ಳಿ. ನೋವಾಯಿತೆಂದು ಯಾರೂ ಹೇಳದಿದ್ದರೆ ಮಗುವಿಗೆ ಅದು ತಿಳಿಯುವುದಾದರೂ ಹೇಗೆ? ಒಂದು ದಿನ ಶಿಕ್ಷೆ, ಮರುದಿನ ಅದೇ ಮಾತಿಗೆ ನಗು ಎಂದಾದರೆ ಆ ಅಭ್ಯಾಸ ಇನ್ನಷ್ಟು ಬೇರೂರುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಕೊಡುವ ನಡತೆಯೇ ಬಿಡಿಸಲು ಅತಿ ಕಷ್ಟವಾದದ್ದು ಎಂಬುದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಾಲದಿಂದಲೂ ತಿಳಿದಿರುವ ಸಂಗತಿ.

ಪ್ರಶ್ನೆ: ನನ್ನ 5 ವರ್ಷದ ಮಗಳು ಬಂಧುಗಳು ಮುದ್ದಿಸಲು ಬಂದರೆ ನನ್ನ ಹಿಂದೆ ಅವಿತುಕೊಳ್ಳುತ್ತಾಳೆ. ದೊಡ್ಡವರು ಕರೆದಾಗ ಹೋಗಿ ತೊಡೆಯ ಮೇಲೆ ಕೂರದಿದ್ದರೆ ‘ಮಗಳಿಗೆ ಸೊಕ್ಕು ಕಲಿಸಿದ್ದೀಯ’ ಎಂದು ನಮ್ಮ ದೊಡ್ಡಪ್ಪನವರೇ ಅಂದರು. ಬಲವಂತ ಮಾಡಲೇ?

ಉತ್ತರ: ಖಂಡಿತ ಬೇಡ. ಗೌರವವೂ ಮೈಮುಟ್ಟಿಸಿಕೊಳ್ಳುವುದೂ ಬೇರೆ ಬೇರೆ ಎಂಬುದು ಎಲ್ಲ ಮಕ್ಕಳಿಗೂ ಸ್ಪಷ್ಟವಾಗಿ ತಿಳಿದಿರಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಹೆಚ್ಚಿನವರು ಆ ಮಗುವಿಗೂ ಮನೆಯವರಿಗೂ ಪರಿಚಿತರೇ ಆಗಿರುತ್ತಾರೆ. ‘ದೊಡ್ಡವರು ಕರೆದರೆ ಬೇಡ ಎನ್ನಬಾರದು’ ಎಂದು ಕಲಿಸಿದ ಮಗುವಿಗೆ ಅಂಥ ಹೊತ್ತಿನಲ್ಲಿ ‘ಬೇಡ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ನಿಮ್ಮ ದೊಡ್ಡಪ್ಪನವರ ಮೇಲೆ ಸಂಶಯಪಟ್ಟು ಇದನ್ನು ಬರೆಯುತ್ತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಿಯಮ ಮಾಡಿದರೆ ಆ ವಯಸ್ಸಿನ ಮಗುವಿಗೆ ಅದು ಹಿಡಿತಕ್ಕೆ ಸಿಗುವುದಿಲ್ಲ, ಆದ್ದರಿಂದ ನಿಯಮ ಎಲ್ಲರಿಗೂ ಒಂದೇ ಇರಲಿ.

ಹಾಗೆಂದು ಬಂದವರನ್ನು ಕಂಡೂ ಕಾಣದಂತೆ ಇರುವುದಕ್ಕೆ ಬಿಡಬೇಡಿ. ನಮಸ್ಕಾರ ಹೇಳುವುದು, ಕೇಳಿದ ಪ್ರಶ್ನೆಗೆ ಉತ್ತರಿಸುವುದು, ಹೊರಡುವಾಗ ಬಾಗಿಲವರೆಗೆ ಬಂದು ಕೈಬೀಸುವುದು ಇಷ್ಟನ್ನು ತಪ್ಪದೆ ಮಾಡಿಸಿ. ದೊಡ್ಡಪ್ಪನವರಿಗೆ ನೀವೇ ಮುಂದಾಗಿ ‘ದೊಡ್ಡಪ್ಪ, ಅವಳಿಗೆ ಸ್ವಲ್ಪ ಹೊತ್ತು ಬೇಕು, ಪಕ್ಕದಲ್ಲಿ ಕೂತು ಏನಾದರೂ ಚಿತ್ರ ಬರೆದು ತೋರಿಸಿ, ತಾನಾಗಿ ಬರುತ್ತಾಳೆ’ ಎಂದು ಹೇಳಿದರೆ ಅವರ ಮನಸ್ಸಿಗೂ ಮುಜುಗರವಾಗದು.

ಪ್ರಶ್ನೆ: ನಾನು 70 ದಾಟಿದ ಅಜ್ಜಿ. 13 ವರ್ಷದ ಮೊಮ್ಮಗಳಿಗೆ ನನ್ನ ಬಳಿ ಮಾತೇ ಇಲ್ಲ. ಏನು ಕೇಳಿದರೂ ಮೊಬೈಲಿನಿಂದ ತಲೆ ಎತ್ತದೆ ಒಂದೇ ಪದದ ಉತ್ತರ. ಇನ್ನೊಮ್ಮೆ ಕೇಳಿದರೆ ‘ಆಗಲೇ ಹೇಳಿದೆನಲ್ಲಾ’ ಎಂದು ಸಿಡುಕುತ್ತಾಳೆ. ಸೊಸೆಗೆ ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆಂಬ ಭಯ.

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಮೊದಲು ಒಂದು ಕೆಲಸ ಮಾಡಿ, ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷ ಇರುತ್ತದೆ. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಕಳೆದುಹೋಗುವುದು ಕೀಚು ಸ್ವರಗಳು, ಜೊತೆಗೆ ‘ಸ’, ‘ಶ’ದಂಥ ಸಣ್ಣ ಸದ್ದಿನ ಅಕ್ಷರಗಳು. ಹಾಗಾಗಿ ಮಗನ ದಪ್ಪ ದನಿ ಸರಿಯಾಗಿ ಕೇಳಿಸಿ, ಮೊಮ್ಮಗಳ ತೆಳ್ಳನೆಯ ದನಿ, ಅದೂ ತಲೆ ತಗ್ಗಿಸಿ ಆಡಿದ ಮಾತು, ಅಸ್ಪಷ್ಟವಾಗುವುದು ಸಾಧ್ಯವಿದೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಸಿಡುಕಿನ ಮೂಲ ಇಲ್ಲೇ ಇರುತ್ತದೆ. ಫಲಿತಾಂಶ ಏನೇ ಬಂದರೂ ಅದನ್ನು ಮೊಮ್ಮಗಳಿಗೆ ನೀವೇ ಹೇಳಿ. ‘ನಂಗೆ ಕೇಳಿಸಲ್ಲ ಮಗಳೇ, ನನ್ನ ಕಡೆ ತಿರುಗಿ ಹೇಳು’ ಎಂಬ ಮಾತು ದೂರಿನಂತೆ ತೋರುವುದಿಲ್ಲ.

ಊಟ ಆಯ್ತಾ, ಓದಿದೆಯಾ, ಪರೀಕ್ಷೆ ಯಾವಾಗ ಎಂಬ ಪ್ರಶ್ನೆಗಳನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಅವಕ್ಕೆ ಉತ್ತರವೇ ಒಂದು ಪದ. ಬದಲಿಗೆ ಅವಳಿಂದಾಗುವ ಸಹಾಯ ಕೇಳಿ: ಹಳೆಯ ಫೋಟೋಗಳನ್ನು ಮೊಬೈಲಿಗೆ ಹಾಕಿಕೊಡಲು ಹೇಳಿ, ಒಂದೊಂದನ್ನು ಎತ್ತಿಕೊಂಡಾಗಲೂ ಅದರಲ್ಲಿರುವವರ ಕತೆ ಹೇಳಿ. ಅವಳ ತಂದೆ ಅವಳದೇ ವಯಸ್ಸಿನಲ್ಲಿ ಮಾಡಿದ ಕಿತಾಪತಿಯ ಕತೆಗೆ ತಲೆ ಎತ್ತದ ಹುಡುಗಿಯನ್ನು ನಾನಂತೂ ನೋಡಿಲ್ಲ. ಸೊಸೆಯ ಬಳಿ ‘ನಿನ್ನ ಮಗಳು ಹೀಗೆ’ ಎನ್ನದೆ, ‘ಅವಳ ಜೊತೆ ಮಾತಾಡಬೇಕು ಅನ್ನಿಸುತ್ತೆ, ದಿನಕ್ಕೆ ಅರ್ಧ ಗಂಟೆ ಎಲ್ಲರೂ ಮೊಬೈಲು ಬದಿಗಿಡೋಣವಾ’ ಎಂದು ಕೇಳಿ. ಅದು ಮಗನಿಗೂ ಸೊಸೆಗೂ ಅನ್ವಯಿಸಲಿ.

ಪ್ರಶ್ನೆ: 3 ವರ್ಷದ ಮಗ ಕೇಳಿದ್ದು ಸಿಗದಿದ್ದರೆ ತಾತನಿಗೆ ಪಟಪಟನೆ ಹೊಡೆಯುತ್ತಾನೆ. ತಾತ ನಗುತ್ತಾರೆ. ಏನು ಮಾಡಲಿ?

ಉತ್ತರ: ಮೂರು ವರ್ಷದ ಮಗುವಿನ ಹೊಡೆತದಲ್ಲಿ ಅಗೌರವವಿಲ್ಲ, ಅದಕ್ಕೆ ಮಾತು ಇನ್ನೂ ಸಾಕಾಗುತ್ತಿಲ್ಲ ಅಷ್ಟೆ. ಎತ್ತಿದ ಕೈಯನ್ನು ಮೆತ್ತಗೆ ಹಿಡಿದುಕೊಂಡು ‘ಹೊಡೆಯಬಾರದು, ತಾತಂಗೆ ನೋವಾಗುತ್ತೆ, ಬೇಕು ಅಂತ ಬಾಯಲ್ಲಿ ಹೇಳು’ ಎಂದು ಪ್ರತಿಸಲವೂ ಅವೇ ಮಾತುಗಳನ್ನು ಹೇಳಿ. ಹೊಡೆದದ್ದಕ್ಕೆ ಪ್ರತಿಯಾಗಿ ಕೇಳಿದ್ದು ಎಂದೂ ಸಿಗಬಾರದು, ನಗುವೂ ಸಿಗಬಾರದು. ಇದುವರೆಗೆ ಸಿಗುತ್ತಿದ್ದ ನಗು ನಿಂತಾಗ ಮೊದಲ ಕೆಲವು ದಿನ ಹೊಡೆತ ಹೆಚ್ಚಾಗಬಹುದು. ಅದನ್ನು ನೋಡಿ ಉಪಾಯ ಫಲಿಸಲಿಲ್ಲವೆಂದು ಕೈಬಿಡಬೇಡಿ. ಅವನು ಹೊಡೆಯದೆ ಬಾಯಿಬಿಟ್ಟು ಕೇಳಿದ ದಿನ, ಅದನ್ನು ಗಮನಿಸಿ ಮೆಚ್ಚುವ ಕೆಲಸವನ್ನು ತಾತನವರಿಗೇ ಬಿಡಿ.