ನಾಲ್ಕು ವರ್ಷದ ಮಗಳ ಕೈ ಮುರಿದಿದೆ. ಪ್ಲಾಸ್ಟರ್ ಹಾಕಿ ವಾರವಾದರೂ ರಾತ್ರಿ ಅಳು ನಿಂತಿಲ್ಲ. ಹೇಗೆ ಸಮಾಧಾನ ಮಾಡಲಿ?

ಹೋದ ವರ್ಷ ಆಟಿ ಮಳೆಯಲ್ಲಿ ನಮ್ಮ ಮನೆಯಲ್ಲೂ ಇದೇ ಕತೆ. ನಮ್ಮದು ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮನೆ. ಐದು ವರ್ಷದ ಮಗನನ್ನು ಅಕ್ಕನ ಮಕ್ಕಳು ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುತ್ತಿದ್ದರು. ಪಾಚಿ ಕಟ್ಟಿದ ಅಂಗಳ. ತಿರುವಿನಲ್ಲಿ ಹಾಳೆ ಒಂದು ಕಡೆ, ಇವನು ಒಂದು ಕಡೆ. ಎಡಗೈ ಊರಿ ಬಿದ್ದ. ಮಾವ ಅದೇ ಹಾಳೆಯ ತುಂಡು ಕತ್ತರಿಸಿ, ಕೈ ಹೇಗಿತ್ತೋ ಹಾಗೇ ಅದರ ಮೇಲಿಟ್ಟು, ಬೈರಾಸಿನಲ್ಲಿ ಸಡಿಲವಾಗಿ ಕಟ್ಟಿದರು. ತಲಪಾಡಿ ದಾಟಿ ಮಂಗಳೂರು ಮುಟ್ಟುವವರೆಗೂ ಕೈ ಅಲುಗಲಿಲ್ಲ.

ಔಷಧಿ ಕೊಟ್ಟರೂ ನೋವು ಜಾಸ್ತಿಯಾಗುತ್ತಿದೆಯಾ, ಬೆರಳು ನೀಲಿಯಾಗಿದೆಯಾ, ತಣ್ಣಗಿದೆಯಾ, ಊದಿದೆಯಾ, ಆಡಿಸಲು ಆಗುತ್ತಿಲ್ಲವಾ, ಮೊದಲು ಅದನ್ನು ನೋಡಿ. ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಇಲ್ಲ ಅಂದರೆ ಅಳು ಬೇರೆ ಯಾವುದಕ್ಕೋ ಇರಬಹುದು.

ನಮ್ಮವನದ್ದು ಹಾಗೇ ಆಯಿತು. ನೋವು ನಾಲ್ಕು ದಿನದಲ್ಲಿ ಇಳಿದಿತ್ತು, ಆದರೆ ದೀಪ ಆರಿಸಿದ ಕೂಡಲೇ ಅಳು ಶುರು. ಒಂದು ರಾತ್ರಿ ಕಿವಿಯ ಹತ್ತಿರ ಬಂದು ಕೇಳಿದ: "ಅಮ್ಮಾ, ಇದನ್ನು ಬಿಚ್ಚಿದ್ರೆ ಕೈ ಕೆಳಗೆ ಬೀಳ್ತದಾ?"

ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದವರೆಲ್ಲ "ಕೈ ಮುರ್ಕೊಂಡ್ಯಾ ಮಗಾ?" ಅನ್ನುತ್ತಿದ್ದರು. ಅವನಿಗೆ ಮುರಿಯುವುದು ಅಂದರೆ ಆಟದ ಕಾರು ಮುರಿದ ಹಾಗೆ, ಎರಡು ತುಂಡು. ಒಳಗೆ ಕೈ ಬೇರೆಯಾಗಿ ಬಿದ್ದಿದೆ, ಪ್ಲಾಸ್ಟರ್ ಅದನ್ನು ಹಿಡಿದಿಟ್ಟಿದೆ ಅಂತ ಅವನ ಲೆಕ್ಕ.

ಬೆಳಿಗ್ಗೆ ದಾಸವಾಳದ ಎಳೆ ಕಡ್ಡಿಯೊಂದನ್ನು ಅವನ ಕೈಗೆ ಕೊಟ್ಟು ಬಗ್ಗಿಸು ಅಂದೆ. ಒಂದು ಬದಿ ಸೀಳಿತು, ಇನ್ನೊಂದು ಬದಿ ಸಿಪ್ಪೆ ಸಮೇತ ಹಿಡಿದುಕೊಂಡೇ ಇತ್ತು. ಎಕ್ಸ್‌ರೇ ನೋಡಿ ಡಾಕ್ಟರೂ ಇದನ್ನೇ ಹೇಳಿದ್ದರು. ಮಕ್ಕಳ ಎಲುಬು ಎಷ್ಟೋ ಸಲ ಹಸಿ ಕಡ್ಡಿಯ ಹಾಗೆ ಅರ್ಧವಷ್ಟೇ ಸೀಳಿ ಬಾಗುತ್ತದಂತೆ. ಮುಂಗೈಯದ್ದಾದರೆ ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ಕೂಡುತ್ತದೆ. ನಿಮ್ಮ ಮಗಳದ್ದು ಯಾವ ತರಹದ ಮುರಿತ ಅಂತ ಕೇಳಿ ತಿಳಿದುಕೊಂಡು, ಇದ್ದದ್ದನ್ನೇ ಹೇಳಿ. ಆ ರಾತ್ರಿಯೂ ಸ್ವಲ್ಪ ಅತ್ತ, ಸುಳ್ಳು ಯಾಕೆ ಹೇಳಲಿ. ಆದರೆ ಮರುದಿನದಿಂದ ಬಂದವರಿಗೆಲ್ಲ ಆ ಬಾಡಿದ ಕಡ್ಡಿ ತೋರಿಸಿ ಅವನೇ ವಿವರಿಸತೊಡಗಿದ.

ಹಾಗಾಗಿ "ಏನೂ ಇಲ್ಲ, ಸುಮ್ನೆ ಮಲಗು" ಅನ್ನಬೇಡಿ. ಒಳಗೆ ಏನಾಗಿದೆ ಅಂತ ನಿನಗೆ ಅನಿಸ್ತದೆ ಅಂತ ಕೇಳಿ. ಇನ್ನೊಂದು, "ಓಡಬೇಡ ಅಂದ್ರೆ ಕೇಳಿದ್ಯಾ?" ಅನ್ನುವ ಅಜ್ಜಿಯಂದಿರನ್ನು ಮೆಲ್ಲಗೆ ತಡೆಯಿರಿ. ನಮ್ಮ ಅತ್ತೆಗೆ ಹೇಳಲು ನನಗೆ ಎರಡು ದಿನ ಧೈರ್ಯ ಬೇಕಾಯಿತು.

ಮಲಗಿಸುವಾಗ ಕೈಯ ಕೆಳಗೆ ದಿಂಬು ಇಟ್ಟು ಎದೆಗಿಂತ ಎತ್ತರಕ್ಕೆ ತನ್ನಿ. ತುರಿಕೆ ಅಂತ ಬಾಚಣಿಗೆ, ಪೆನ್ಸಿಲು ಒಳಗೆ ತೂರಿಸಲು ಬಿಡಬೇಡಿ, ಗಾಯವಾಗಿ ಕೀವು ತುಂಬೀತು. ಹೇರ್ ಡ್ರೈಯರಿನ ತಣ್ಣನೆ ಗಾಳಿ ಸಾಕು. ನೀರು ತಾಗದಂತೆ ನೋಡಿಕೊಳ್ಳುವುದು ನಮ್ಮ ಮಳೆಗಾಲದಲ್ಲಿ ದೊಡ್ಡ ಸರ್ಕಸ್ಸು. ಸ್ನಾನ ಮಾಡಿಸುವಾಗ ಪ್ಲಾಸ್ಟಿಕ್ ಕವರ್ ಕಟ್ಟಿದರೂ ಕೈಯನ್ನು ನೀರಿನಿಂದ ದೂರ, ಸ್ಟೂಲಿನ ಮೇಲೆ ಇಡಿಸಿ. ಪ್ಲಾಸ್ಟರ್ ತೆಗೆಸಿ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿಸಿ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬಿಗಿ ಕಟ್ಟಿನಿಂದ ರಕ್ತ ಓಡದೆ ಕೈಯೇ ಹಾಳಾಗಬಹುದು.

ಪ್ಲಾಸ್ಟರ್ ಬಿಚ್ಚುವ ದಿನಕ್ಕೂ ಮೊದಲೇ ತಯಾರು ಮಾಡಿ. ಆ ಮೆಷಿನಿನ ಸದ್ದು ಕೇಳಿ ನಮ್ಮವನು ಬಾಗಿಲಲ್ಲೇ ನಿಂತುಬಿಟ್ಟ. ತೋಟದಲ್ಲಿ ಹುಲ್ಲು ಹೆರೆಯುವ ಮೆಷಿನ್ ಕಂಡ ಮಗು, ಹತ್ತಿರ ಹೋದರೆ ಕಾಲು ಹೋಗ್ತದೆ ಅಂತ ನಾವೇ ಹೆದರಿಸಿಟ್ಟಿದ್ದೆವು ಅಲ್ವಾ! ಇದರ ಬ್ಲೇಡು ಹಾಗೆ ಗಿರಗಿರ ತಿರುಗುವುದಿಲ್ಲ, ನಿಂತಲ್ಲೇ ಅತ್ತಿತ್ತ ನಡುಗುತ್ತದೆ. ಗಟ್ಟಿ ಪ್ಲಾಸ್ಟರನ್ನು ಕೊಯ್ಯುತ್ತದೆ, ಮೆತ್ತಗಿನ ಚರ್ಮ ಅದರ ಜೊತೆ ಅಲುಗುತ್ತದೆ ಅಷ್ಟೇ. ಸ್ವಲ್ಪ ಬಿಸಿ, ಕಚಗುಳಿ ಆಗಬಹುದು ಅಂತ ಮನೆಯಲ್ಲೇ ಹೇಳಿಡಿ.

ಕೈ ಸಪೂರವಾಗಿ, ಚರ್ಮ ಸುಲಿದು ಕಂಡರೆ ಗಾಬರಿ ಬೇಡ. ಬಿಚ್ಚಿದ ಚಿಪ್ಪು ಬೇಕೇ ಬೇಕು ಅಂತ ಹಟ ಹಿಡಿದರೆ ಮನೆಗೆ ತನ್ನಿ. ವಾಸನೆ ಮಾತ್ರ ಸಹಿಸಲಾಗದು, ಹೊರಗೇ ಇಡಿ.