ಅಮೆರಿಕದ ಮೊದಲ ಸಾರ್ವಜನಿಕ ಹೈಸ್ಕೂಲು ಯಾವುದು? ಅದರ ಇತಿಹಾಸ ಮತ್ತು ವಿದ್ಯಾರ್ಥಿ ಚಟುವಟಿಕೆಗಳ ಬಗ್ಗೆ ತಿಳಿಸುವಿರಾ?

ಈ ಪ್ರಶ್ನೆಗೆ ಕೆಲವರು 1635 ಎಂದೂ ಕೆಲವರು 1821 ಎಂದೂ ಉತ್ತರಿಸುವುದರಿಂದ ತಮಗೆ ಗೊಂದಲವಾಗಿದ್ದರೆ ಅದು ಸಹಜ. ಶಿಕ್ಷಣದ ಚರಿತ್ರೆಯನ್ನು ಆಸಕ್ತಿಯಿಂದ ಓದುತ್ತ ಬಂದ ನನಗೂ ಮೊದಲಿಗೆ ಇದೇ ತೊಡಕಾಗಿತ್ತು. 1635ರಲ್ಲಿ ಆರಂಭವಾದ ಬಾಸ್ಟನ್ ಲ್ಯಾಟಿನ್ ಶಾಲೆ ಆ ದೇಶದ ಅತ್ಯಂತ ಹಳೆಯ ಸಾರ್ವಜನಿಕ ಶಾಲೆ. ಆದರೆ ಲ್ಯಾಟಿನ್, ಗ್ರೀಕ್ ಕಲಿಸಿ ಹುಡುಗರನ್ನು ಕಾಲೇಜಿಗೆ ಅಣಿಗೊಳಿಸುವುದು ಅದರ ಕೆಲಸವಾಗಿತ್ತು. ಕಾಲೇಜಿನ ಕಡೆ ಹೋಗದೆ ವ್ಯಾಪಾರಕ್ಕೋ ಕಸುಬಿಗೋ ಇಳಿಯುವ ಹುಡುಗರಿಗಾಗಿ ಅದೇ ನಗರದಲ್ಲಿ 1821ರಲ್ಲಿ ಮೂರು ವರ್ಷಗಳ ಪಾಠಕ್ರಮದ ಬೇರೊಂದು ಶಾಲೆ ತೆರೆಯಿತು. ಇಂಗ್ಲಿಷ್ ಹೈಸ್ಕೂಲ್ ಎಂದು ಹೆಸರಾದ ಅದನ್ನೇ ನಾನು ಮೊದಲನೆಯದೆಂದು ಎಣಿಸುತ್ತೇನೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ 1827ರ ಕಾನೂನು 500 ಕುಟುಂಬಗಳಿರುವ ಪ್ರತಿ ಊರಿನಲ್ಲೂ ಬೀಜಗಣಿತ, ರೇಖಾಗಣಿತಗಳ ಜೊತೆಗೆ ಲೆಕ್ಕಪತ್ರ ಬರೆಯುವುದನ್ನೂ ಭೂಮಾಪನವನ್ನೂ ಕಲಿಸಬೇಕೆಂದು ವಿಧಿಸಿದ್ದನ್ನು ನೋಡಿದರೆ, ಹೈಸ್ಕೂಲಿನಿಂದ ಆ ಕಾಲದ ಜನ ಏನನ್ನು ಬಯಸಿದ್ದರೆಂಬುದು ತಿಳಿಯುತ್ತದೆ. ಮುಂದೆ ಹೆಸರಾಂತ ಬ್ಯಾಂಕರ್ ಆದ ಜೆ. ಪಿ. ಮಾರ್ಗನ್ ಓದಿದ್ದೂ ಈ ಇಂಗ್ಲಿಷ್ ಹೈಸ್ಕೂಲಿನಲ್ಲೇ.

ಸಾರ್ವಜನಿಕ ಎಂಬ ಮಾತಿಗೆ ಆಗ ಹುಡುಗಿಯರು ಸೇರಿರಲಿಲ್ಲ. ಅವರಿಗಾಗಿ ಬಾಸ್ಟನ್ ನಗರ 1826ರಲ್ಲಿ ಪ್ರತ್ಯೇಕ ಹೈಸ್ಕೂಲು ತೆರೆದು, ಎರಡೇ ವರ್ಷಗಳಲ್ಲಿ ಮುಚ್ಚಿತು. ಮುಚ್ಚಿದ್ದು ಮಕ್ಕಳು ಬಾರದ್ದರಿಂದಲ್ಲ. ಸೇರಬಯಸಿದವರು ತೀರ ಹೆಚ್ಚಾಗಿ, ನಗರ ಆ ಖರ್ಚನ್ನು ಹೊರಲು ಒಪ್ಪದ್ದರಿಂದ. ಇಂಗ್ಲಿಷ್ ಹೈಸ್ಕೂಲು ಹುಡುಗಿಯರಿಗೆ ಬಾಗಿಲು ತೆರೆದದ್ದು 1972ರಲ್ಲಿ. ಈ ಶಾಲೆಯ ಹಿರಿಮೆಯನ್ನು ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ನನಗೆ ಸರಿಕಾಣುವುದಿಲ್ಲ.

ಇನ್ನು ವಿದ್ಯಾರ್ಥಿ ಚಟುವಟಿಕೆಗಳ ವಿಷಯ. 1881ರಲ್ಲಿ ಲ್ಯಾಟಿನ್ ಶಾಲೆಗೂ ಇಂಗ್ಲಿಷ್ ಹೈಸ್ಕೂಲಿಗೂ ಸೇರಿಸಿ ನಗರದ ಸೌತ್ ಎಂಡ್ ಭಾಗದಲ್ಲಿ ದೊಡ್ಡದೊಂದು ಕಟ್ಟಡ ಕಟ್ಟಲಾಯಿತು. ವಾರೆನ್ ಅವೆನ್ಯೂ ಕಡೆಯ ಬಾಗಿಲು ಲ್ಯಾಟಿನ್ ಶಾಲೆಯದು, ಮಾಂಟ್‌ಗೊಮರಿ ಬೀದಿಯ ಕಡೆಯದು ಇಂಗ್ಲಿಷ್ ಹೈಸ್ಕೂಲಿನದು. ವ್ಯಾಯಾಮಶಾಲೆ ಮತ್ತು ಹುಡುಗರು ಸೈನಿಕರಂತೆ ಕವಾಯತು ಮಾಡುವ ವಿಶಾಲ ಸಭಾಂಗಣ ಎರಡೂ ಅದರಲ್ಲಿದ್ದವು. ಕಾಲೇಜಿಗೆ ಹೊರಟವರೂ ಕೆಲಸಕ್ಕೆ ಹೊರಟವರೂ ಹೀಗೆ ಒಂದೇ ಸೂರಿನಡಿ ದಿನವೂ ಎದುರಾಗುತ್ತಿದ್ದ ಮೇಲೆ ಪೈಪೋಟಿ ಹುಟ್ಟದೆ ಇರುತ್ತದೆಯೇ? 1887ರಲ್ಲಿ ಎರಡು ಶಾಲೆಗಳ ನಡುವೆ ಫುಟ್‌ಬಾಲ್ ಪಂದ್ಯ ಆರಂಭವಾಯಿತು. ಇದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. 1922ರಲ್ಲಿ ಲ್ಯಾಟಿನ್ ಶಾಲೆ ಬೇರೆ ಕಟ್ಟಡಕ್ಕೆ ಹೋಯಿತು, ಇಂಗ್ಲಿಷ್ ಹೈಸ್ಕೂಲು ಹಲವು ಜಾಗ ಬದಲಿಸಿ ಈಗ ಜಮೈಕಾ ಪ್ಲೇನ್ ಬಡಾವಣೆಯಲ್ಲಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಆಡುವ ಆ ಪಂದ್ಯ ಮಾತ್ರ ಸೂರು ಬೇರೆಯಾದ ಮೇಲೂ ನಡೆದುಬಂದಿದೆ.