ಪಿಎಚ್‌ಡಿ ಅರ್ಜಿಯಲ್ಲಿ ಅಮ್ಮನ ಕಾಯಿಲೆಯ ವಿಷಯ: ಪ್ರತಿಕ್ರಿಯೆ

ಅಮ್ಮನ ಕಾಯಿಲೆಯಿಂದ ಮೂರನೇ ಸೆಮಿಸ್ಟರ್‌ನಲ್ಲಿ ಅಂಕ ಕುಸಿದದ್ದನ್ನು ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಿ. ಕುಸಿತ ಅಂಕಪಟ್ಟಿಯಲ್ಲಿ ಕಾಣುತ್ತಿರುವಾಗ ಕಾರಣ ಕೊಡದಿದ್ದರೆ, ಓದುವವರು ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ. ಆದರೆ ನಿಮ್ಮ ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಯಾವ ಸಂಶೋಧನೆ, ಯಾಕೆ ಎಂದು ಹೇಳುವ ಬರಹ) ಡ್ರಾಫ್ಟ್‌ನಲ್ಲಿ ಮೊದಲ ಒಂದೂವರೆ ಪುಟ ಆಸ್ಪತ್ರೆಯಲ್ಲೇ ಕಳೆದಿದೆ. ಸಂಶೋಧನೆಯ ಮಾತು ಬರುವಷ್ಟರಲ್ಲಿ ಪ್ರವೇಶ ಸಮಿತಿಯವರು ಮುಂದಿನ ಅರ್ಜಿಗೆ ಹೋಗಿರುತ್ತಾರೆ.

ಮೂರ್ನಾಲ್ಕು ವಾಕ್ಯ ಸಾಕು, ಅದೂ ಕೊನೆಯ ಭಾಗದಲ್ಲಿ. ಏನಾಯಿತು, ಯಾವ ಅವಧಿಯಲ್ಲಿ, ಓದಿಗೆ ಏನು ಪೆಟ್ಟು ಬಿತ್ತು, ಆಮೇಲೆ ಏನು ಮಾಡಿದಿರಿ. ಉದಾಹರಣೆಗೆ: "ಮೂರನೇ ಸೆಮಿಸ್ಟರ್‌ನಲ್ಲಿ ತಾಯಿಯ ಆರೈಕೆಯ ಹೊಣೆ ನನ್ನ ಮೇಲಿತ್ತು, ಆ ಅವಧಿಯ ಅಂಕಗಳಲ್ಲಿ ಅದು ಕಾಣುತ್ತದೆ. ನಂತರದ ಎರಡು ಸೆಮಿಸ್ಟರ್‌ಗಳ ಅಂಕಗಳು ಮತ್ತು ಪ್ರಾಜೆಕ್ಟ್ ನನ್ನ ನಿಜವಾದ ಮಟ್ಟವನ್ನು ತೋರಿಸುತ್ತವೆ." ಈ ಎರಡನೇ ವಾಕ್ಯವೇ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ. "ದುರದೃಷ್ಟವಶಾತ್", "ಹೃದಯವಿದ್ರಾವಕ" ಎಲ್ಲ ತೆಗೆದುಹಾಕಿ. ರೋಗದ ಹೆಸರೂ ಬೇಡ.

ಕೆಲವು ವಿಶ್ವವಿದ್ಯಾಲಯಗಳು ಪರ್ಸನಲ್ ಸ್ಟೇಟ್‌ಮೆಂಟನ್ನು (ನಿಮ್ಮ ಬದುಕಿನ ಹಿನ್ನೆಲೆ ಹೇಳುವ ಬರಹ) ಬೇರೆಯಾಗಿ ಕೇಳುತ್ತವೆ, ಕೆಲವು ಅರ್ಜಿಗಳಲ್ಲಿ ಅಂಕಗಳ ಬಗ್ಗೆ ವಿವರಣೆಗೆ ಪ್ರತ್ಯೇಕ ಜಾಗವೇ ಇರುತ್ತದೆ. ಹಾಗಿದ್ದರೆ ವಿಷಯ ಅಲ್ಲಿಗೆ ಹೋಗಲಿ, ಎಸ್‌ಒಪಿ ಪೂರ್ತಿ ಸಂಶೋಧನೆಗೇ ಇರಲಿ. ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರಿಗೆ ಪರಿಸ್ಥಿತಿ ಗೊತ್ತಿದ್ದರೆ ಒಂದು ಸಾಲು ಸೇರಿಸಲು ಕೇಳಿ. ಅದೇ ಮಾತು ಅವರ ಬಾಯಲ್ಲಿ ಬಂದರೆ ತೂಕ ಜಾಸ್ತಿ.

ನಿಮ್ಮ ಖಿನ್ನತೆಯ ಪ್ಯಾರಾ ಮಾತ್ರ ಬಿಟ್ಟುಬಿಡಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆದರೆ ಓದುವವರ ಪೂರ್ವಗ್ರಹ ನಿಮ್ಮ ಕೈಯಲ್ಲಿಲ್ಲ. ಅಂಕ ಕುಸಿದದ್ದಕ್ಕೆ ಆರೈಕೆಯ ಕಾರಣವೊಂದೇ ಸಾಲುತ್ತದೆ.